ವರ್ಷಕ್ಕೆ ಒಂದು ಕ್ವಿಂಟಲ್ ಸೀಸ: ನಮ್ಮ ಏರ್ ರೈಫಲ್ ಹಾಲ್‌ನ ಅನುಭವ

ಮೊದಲು ಒಂದು ಲೆಕ್ಕ. ನನ್ನ ಹತ್ತಿರ ಏರ್ ರೈಫಲ್ ಕಲಿಯೋಕೆ 14 ಮಕ್ಕಳು ಬರುತ್ತಾರೆ. ಒಬ್ಬೊಬ್ಬರು ದಿನಕ್ಕೆ ಸುಮಾರು 60 ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಹೊಡೆಯುತ್ತಿದ್ದರು, ವಾರಕ್ಕೆ ಐದು ದಿನ. ಒಂದು ಸೀಸದ ಪೆಲೆಟ್ ಹತ್ತಿರ ಹತ್ತಿರ 0.53 ಗ್ರಾಂ ತೂಗುತ್ತದೆ. ಗುಣಿಸಿ ನೋಡಿ. ವಾರಕ್ಕೆ ಎರಡು ಕೆಜಿಗೂ ಜಾಸ್ತಿ, ವರ್ಷಕ್ಕೆ ಒಂದು ಕ್ವಿಂಟಲ್ ದಾಟುತ್ತದೆ. ದಾವಣಗೆರೆಯ ಒಂದು ಹಳೇ ಗೋಡೌನ್ ಮೇಲಿನ ಹಾಲ್‌ನಲ್ಲಿ, ಮಕ್ಕಳು ಬಂದು ಕೂತು ಎದ್ದು ಓಡಾಡುವ ಜಾಗದಲ್ಲಿ, ವರ್ಷಕ್ಕೆ ಒಂದು ಕ್ವಿಂಟಲ್ ಸೀಸ. ಆರು ವರ್ಷ ಹೇಳಿಕೊಟ್ಟರೂ ಈ ಲೆಕ್ಕ ನಾನು ಒಂದು ಸಲವೂ ಹಾಕಿರಲಿಲ್ಲ.

ಹಾಕಿಸಿದ್ದು ಒಬ್ಬ ಹುಡುಗನ ತಾಯಿ. ಶನಿವಾರ ಪ್ರಾಕ್ಟೀಸ್ ಮುಗಿದ ಮೇಲೆ ನಮ್ಮಲ್ಲಿ ಮಂಡಕ್ಕಿ ಮಿರ್ಚಿ ತರಿಸುವ ರೂಢಿ. ಪೇಪರ್ ಹರಡಿ, ಮಂಡಕ್ಕಿ ಸುರಿದು, ಸುತ್ತ ಕೂತು ಎಲ್ಲರೂ ಕೈ ಹಾಕುತ್ತಿದ್ದರು. ಅವತ್ತು ಆಕೆ ಮಗನನ್ನು ಕರೆದುಕೊಂಡು ಹೋಗೋಕೆ ಸ್ವಲ್ಪ ಬೇಗ ಬಂದಿದ್ದರು. ಲ್ಯಾಬ್ ಟೆಕ್ನಿಷಿಯನ್ ಅವರು. ಮಗನ ಕೈ ಹಿಡಿದು ಟ್ಯೂಬ್‌ಲೈಟ್ ಕೆಳಗೆ ತಂದು ನೋಡಿದರು. ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ಪೆನ್ಸಿಲ್ ಪುಡಿ ಮೆತ್ತಿದ ಹಾಗೆ ಬೂದಿ ಬಣ್ಣ. ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು. ಅದೇ ಬೆರಳಿಗೆ ಖಾರದ ಎಣ್ಣೆ ಅಂಟಿತ್ತು, ಒಂದು ಕಾಳು ಮಂಡಕ್ಕಿಯೂ ಅಂಟಿತ್ತು.

"ಇದು ಸೀಸ ಅಲ್ವಾ ಸರ್? ಇದೇ ಕೈಯಲ್ಲಿ ತಿಂತಾರಾ ಇವ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ನಾನೂ ಅದೇ ಪೇಪರ್‌ಗೆ ಕೈ ಹಾಕಿದ್ದೆ.

ಮರುದಿನವೇ ಪರೀಕ್ಷೆಗೆ ನನ್ನ ರಕ್ತ ಕೊಟ್ಟೆ. ಸ್ಯಾಂಪಲ್ ಬೆಂಗಳೂರಿಗೆ ಹೋಗಿ ಬರಬೇಕು, ವಾರ ಹಿಡಿಯಿತು. ಡೆಸಿಲೀಟರ್‌ಗೆ 11 ಮೈಕ್ರೋಗ್ರಾಂ ಸೀಸ. 5 ಇದ್ದರೇ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟಿದ್ದರೆ ಏನೂ ಆಗಲ್ಲ ಅನ್ನುವ ಮಟ್ಟ ಅಂತ ಒಂದು ಇಲ್ಲವೇ ಇಲ್ಲ ಅಂತಲೂ ಹೇಳುತ್ತದೆ. ದೊಡ್ಡವರಿಗಿಂತ ಮಕ್ಕಳ ಹೊಟ್ಟೆ ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ, ಪೆಟ್ಟು ಬೀಳುವುದು ಬೆಳೆಯುತ್ತಿರುವ ಮಿದುಳಿಗೆ. ಆ ರಿಪೋರ್ಟ್ ಹಿಡಿದುಕೊಂಡು ನಾನು ಯೋಚಿಸಿದ್ದು ನನ್ನ ಬಗ್ಗೆ ಅಲ್ಲ.

ಸೀಸದ ಗುಂಡಿನ ಬಳಕೆ ನಿಲ್ಲಿಸಬೇಕಾ ಬೇಡವಾ ಅನ್ನುವ ಜಗಳ ಹೊರದೇಶಗಳಲ್ಲಿ ಹಳೆಯದು. ಅದು ಶುರುವಾದದ್ದು ಹಕ್ಕಿಗಳಿಂದ. ಬಾತುಕೋಳಿಯಂಥ ಹಕ್ಕಿಗಳು ಕಾಳು ಅರೆಯೋಕೆ ಸಣ್ಣ ಕಲ್ಲು ನುಂಗುತ್ತವೆ. ಕೆರೆ ತಳದಲ್ಲಿ ಬಿದ್ದ ಸೀಸದ ಚರೆಯನ್ನೂ (ಬೇಟೆ ತೋಟಾದೊಳಗಿನ ಸಣ್ಣ ಗುಂಡು) ಕಲ್ಲು ಅಂದುಕೊಂಡು ನುಂಗಿದರೆ ಅದು ಹೊಟ್ಟೆಯಲ್ಲಿ ಸವೆದು ವಿಷವಾಗುತ್ತದೆ. ಅದಕ್ಕೇ ಅಮೆರಿಕದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆ 1991ರಿಂದ ದೇಶಪೂರ್ತಿ ಬಂದ್. ಡೆನ್ಮಾರ್ಕ್‌ನಲ್ಲಿ 1996ರಿಂದ ಸೀಸದ ಚರೆಯೇ ಇಲ್ಲ. ಯುರೋಪ್ ಒಕ್ಕೂಟದಲ್ಲಿ 2023ರ ಫೆಬ್ರವರಿ 15ರಿಂದ ಜೌಗು ಪ್ರದೇಶಗಳಲ್ಲಿ, ಅವುಗಳ ಸುತ್ತಮುತ್ತ ನಿಷೇಧ. ನಮ್ಮಲ್ಲಿ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆಗೇ ಅವಕಾಶ ಇಲ್ಲ, ಹಾಗಾಗಿ ಇದು ನಮ್ಮ ವಿಷಯ ಅಲ್ಲ ಅಂತ ಶೂಟಿಂಗ್‌ನವರು ಸುಮ್ನೆ ಇದ್ದುಬಿಡುತ್ತಾರೆ. ಆದರೆ ಗಾಳಿಯಲ್ಲಿ ಹಾರಿಸಿದ ತಟ್ಟೆಗೆ ಹೊಡೆಯುವ ಟ್ರ್ಯಾಪ್ ಶೂಟಿಂಗ್‌ನಲ್ಲಿ ಒಂದು ತೋಟಾಕ್ಕೆ 24 ಗ್ರಾಂ ಚರೆ. ಕ್ವಾಲಿಫಿಕೇಶನ್‌ಗೆ 125 ಗುರಿ. ಗುರಿಗೆ ಒಂದೇ ತೋಟಾ ಅಂದುಕೊಂಡರೂ ಒಬ್ಬ ಶೂಟರ್ ಒಂದು ಮ್ಯಾಚ್‌ನಲ್ಲಿ ಮೂರು ಕೆಜಿ ಸೀಸವನ್ನು ಮಣ್ಣಿಗೆ ಹಾಕಿ ಬರುತ್ತಾನೆ. ಅದನ್ನು ಯಾರೂ ಹೆಕ್ಕುವುದಿಲ್ಲ ಅಂದರೆ ಅದು ಅಲ್ಲೇ ಇರುತ್ತದೆ, ಮಳೆ ಬಂದಾಗ ಇಳಿಜಾರು ನೋಡಿಕೊಂಡು ಹೋಗುತ್ತದೆ.

ನಮ್ಮಂಥ ಏರ್ ರೈಫಲ್ ಹಾಲ್‌ಗಳಲ್ಲಿ ಕಥೆ ಬೇರೆ. ಇಲ್ಲಿ ಸೀಸ ಹೊರಗೆ ಹೋಗುವುದೇ ಇಲ್ಲ, ನಾಲ್ಕು ಗೋಡೆ ಒಳಗೇ ಇರುತ್ತದೆ. ನಮ್ಮ ಟಾರ್ಗೆಟ್ ಹಿಂದೆ ಓರೆಯಾಗಿ ಕೂರಿಸಿದ ಕಬ್ಬಿಣದ ತಗಡು ಇತ್ತು. ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಬರುವ ಮೆತ್ತನೆ ಸೀಸ ಅದಕ್ಕೆ ಬಡಿದರೆ ಚಪ್ಪಟೆ ಆಗುತ್ತದೆ, ಅಂಚು ಚೂರಾಗುತ್ತದೆ, ಸಣ್ಣ ಪುಡಿ ಏಳುತ್ತದೆ. ಇನ್ನು ನಾನು ಮಾಡಿದ್ದ ದೊಡ್ಡ ತಪ್ಪು ಹೇಳಬೇಕು. ಏಪ್ರಿಲ್ ತಿಂಗಳ ದಾವಣಗೆರೆ ಸೆಕೆ ಗೊತ್ತಲ್ಲ, ಮಕ್ಕಳು ಶೂಟಿಂಗ್ ಜಾಕೆಟ್ ಹಾಕಿಕೊಂಡು ಬೆವರುತ್ತಾರೆ ಅಂತ ಒಂದು ದೊಡ್ಡ ಪೆಡೆಸ್ಟಲ್ ಫ್ಯಾನ್ ತಂದು ಟಾರ್ಗೆಟ್ ಪಕ್ಕ ನಿಲ್ಲಿಸಿ ಅವರ ಮುಖಕ್ಕೆ ಗಾಳಿ ಬರುವ ಹಾಗೆ ತಿರುಗಿಸಿದ್ದೆ. ಅಂದರೆ ತಗಡಿನ ಪುಡಿಯನ್ನು ನೇರ ಅವರ ಮೂಗಿಗೆ ಊದಿದ ಹಾಗೆ. ಮೇಲಿಂದ ದಿನಾ ಸಂಜೆ ಒಣ ಕಸಬರಿಗೆಯಲ್ಲಿ ಗುಡಿಸುವುದು, ಗುಡಿಸುವ ಪಾಳಿಯೂ ಮಕ್ಕಳದ್ದೇ.

ಮೊದಲು ಫ್ಯಾನ್ ತಿರುಗಿಸಿದೆ. ಈಗ ಗಾಳಿ ಶೂಟರ್ ಬೆನ್ನ ಹಿಂದಿನಿಂದ ಟಾರ್ಗೆಟ್ ಕಡೆ ಹೋಗುತ್ತದೆ, ಟಾರ್ಗೆಟ್ ಹಿಂದಿನ ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದೇನೆ. ಕಸಬರಿಗೆ ಹಾಲ್ ಒಳಗೆ ಬರುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುವುದು ಮಾತ್ರ, ಅದೂ ನಾನೇ, ಗ್ಲೌಸ್ ಹಾಕಿಕೊಂಡು. ತಗಡಿನ ಮುಂದೆ ಒಂದು ಮರದ ಪೆಟ್ಟಿಗೆ ಮಾಡಿಸಿ ಹಳೇ ಕಾಟನ್ ಬಟ್ಟೆ ಒಂದು ಅಡಿ ದಪ್ಪ ಒತ್ತಿ ತುಂಬಿಸಿದೆ. ಟೈಲರ್ ಅಂಗಡಿಯ ಚಿಂದಿ, ಹರಿದ ಚಾದರ, ಏನಾದರೂ ಆಗುತ್ತದೆ. ಇದು ಇಷ್ಟು ಕೆಲಸ ಮಾಡುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಪೆಲೆಟ್ ಒಳಗೆ ಹೋಗಿ ಸುಮ್ನೆ ನಿಂತುಬಿಡುತ್ತದೆ, ಚಪ್ಪಟೆಯೂ ಆಗುವುದಿಲ್ಲ, ಹೊರಗೆ ತೆಗೆದು ನೋಡಿದರೆ ಸೊಂಟ, ತಲೆ, ಬ್ಯಾರಲ್ ಒಳಗಿನ ಗೆರೆಯ ಅಚ್ಚು ಎಲ್ಲ ಹಾಗೇ ಇರುತ್ತದೆ. ಟಣ್ ಅನ್ನುವ ಸದ್ದೂ ಹೋಯಿತು. ಬಟ್ಟೆ ಮಧ್ಯದಲ್ಲಿ ಬೇಗ ಸವೆಯುತ್ತದೆ, ಹತ್ತು ದಿನಕ್ಕೊಮ್ಮೆ ನೋಡಿ ತುಂಬಿಸಬೇಕು.

ಪೆಲೆಟ್ ತುಟಿಯಲ್ಲಿ ಕಚ್ಚಿಕೊಂಡು ಲೋಡ್ ಮಾಡುವ ಚಾಳಿ ಇಬ್ಬರು ಮಕ್ಕಳಿಗಿತ್ತು. ಅದನ್ನು ಅವತ್ತೇ ಬಿಡಿಸಿದೆ. ಕೈ ತೊಳೆಯೋಕೆ ಮೆಟ್ಟಿಲ ಕೆಳಗೆ ನಲ್ಲಿ, ಸೋಪು, ಉಗುರಿಗೆ ಬ್ರಷ್. ಕೆಲವರು ಸ್ಯಾನಿಟೈಸರ್ ಸಾಕಲ್ವಾ ಅಂದರು. ಸಾಲದು. ಅದು ಸೀಸವನ್ನು ಕೈಯಿಂದ ತೆಗೆಯುವುದಿಲ್ಲ, ಸವರಿಬಿಡುತ್ತದೆ ಅಷ್ಟೇ. ಮಂಡಕ್ಕಿ ಈಗಲೂ ಇದೆ, ಆದರೆ ನಲ್ಲಿ ದಾಟಿದ ಮೇಲೆ, ಕೆಳಗೆ.

ಇಷ್ಟೆಲ್ಲ ಮಾಡುವ ಬದಲು ಸೀಸವನ್ನೇ ಬಿಟ್ಟುಬಿಡಬಾರದಾ? ಆ ತಾಯಿ ಕೇಳಿದ್ದೂ ಇದೇ. ನಿಯಮದ ಅಡ್ಡಿ ಇಲ್ಲ. 4.5 ಎಂಎಂ ಪೆಲೆಟ್ ಸೀಸದ್ದಾಗಲಿ ಬೇರೆ ಯಾವುದೇ ಮೆತ್ತನೆ ವಸ್ತುವಿನದ್ದಾಗಲಿ ಇರಬಹುದು ಅಂತ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮವೇ ಹೇಳುತ್ತದೆ. ತವರದ ಪೆಲೆಟ್ ಎರಡು ಡಬ್ಬಿ ತರಿಸಿದೆ. ರೈಫಲ್ ಅನ್ನು ಸ್ಟ್ಯಾಂಡ್‌ಗೆ ಬಿಗಿದು ಐದೂ ತೂತು ಎಷ್ಟು ಹತ್ತಿರ ಬೀಳುತ್ತವೆ ಅಂತ ನೋಡೋಕೆ ಐದೈದು ಗುಂಡಿನ ಗ್ರೂಪ್ ಹೊಡೆದು, ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್‌ನಲ್ಲಿ ಅಳೆದೆ. ಸೀಸದ ಮ್ಯಾಚ್ ಪೆಲೆಟ್ 6 ಎಂಎಂ ಆಸುಪಾಸು. ತವರದ್ದು 8ರಿಂದ 9.

ಯಾಕೆ ಹೀಗೆ ಅಂದರೆ, ಸೀಸ ನೀರಿಗಿಂತ 11.3 ಪಟ್ಟು ಭಾರ, ತವರ 7.3 ಪಟ್ಟು. ಅದೇ ಅಳತೆಯ ಪೆಲೆಟ್ ಹಗುರ, ಬ್ಯಾರಲ್ ಬಿಟ್ಟು ಬೇಗ ಹೊರಡುತ್ತದೆ, ಗುರಿ ನೋಡುವ ಸೈಟ್‌ನ ಕ್ಲಿಕ್ ಎಲ್ಲ ಹೊಸದಾಗಿ ಹಾಕಿಕೊಳ್ಳಬೇಕು. ಜೊತೆಗೆ ತವರ ಗಟ್ಟಿ. ಪೆಲೆಟ್‌ನ ಹಿಂಬದಿಯ ಲಂಗದಂಥ ತೆಳು ಅಂಚು ಬ್ಯಾರಲ್ ಗೆರೆಗೆ ಸೀಸದಷ್ಟು ಮೆತ್ತಗೆ ಅಚ್ಚಾಗಿ ಕೂರುವುದಿಲ್ಲ. ಲೋಡ್ ಮಾಡುವಾಗಲೇ ಬೆರಳಿಗೆ ಗೊತ್ತಾಗುತ್ತದೆ, ಸೀಸ ಜಾರಿ ಕೂರುತ್ತದೆ, ತವರವನ್ನು ತಳ್ಳಬೇಕು. ಗಟ್ಟಿ ಇರುವುದರಿಂದ ತಗಡಿಗೆ ಬಡಿದರೆ ವಾಪಸ್ ಸಿಡಿಯುವುದೂ ಜಾಸ್ತಿ. ಬಟ್ಟೆ ಪೆಟ್ಟಿಗೆ ಇಲ್ಲದೆ, ಕಣ್ಣಿಗೆ ಕನ್ನಡಕ ಇಲ್ಲದೆ ದಯವಿಟ್ಟು ಹೊಡೆಯಬೇಡಿ.

ಆ 9 ಎಂಎಂ ನೋಡಿ ನಾನು ಮೊದಲು ಬೇಡ ಅಂತಲೇ ತೀರ್ಮಾನಿಸಿದ್ದೆ. ಆಮೇಲೆ ಟಾರ್ಗೆಟ್ ಕಾರ್ಡ್ ಮೇಲೆ ಇಟ್ಟು ನೋಡಿದೆ. ಹತ್ತು ಅಂಕದ ನಡು ಚುಕ್ಕೆ ಅರ್ಧ ಎಂಎಂ ಅಗಲ, ಆದರೆ ತೂತಿನ ಅಂಚು ಅದಕ್ಕೆ ತಾಗಿದರೂ ಹತ್ತೇ. ಅಂದರೆ ಪೆಲೆಟ್‌ನ ನಡುಭಾಗ ಮಧ್ಯದಿಂದ ಎರಡೂವರೆ ಎಂಎಂ ಸರಿದರೂ ಹತ್ತು ಸಿಗುತ್ತದೆ. ತವರದ 9 ಎಂಎಂ ಗ್ರೂಪ್ ಸರಿಯಾಗಿ ಮಧ್ಯದಲ್ಲಿ ಕೂತರೆ ಐದೂ ಹತ್ತೇ! ಕಳೆದುಕೊಳ್ಳುವುದು ಹತ್ತರೊಳಗಿನ ದಶಮಾಂಶ ಅಂಕದಲ್ಲಿ, 10.7 ಆಗಬೇಕಾದ್ದು 10.2 ಆಗುತ್ತದೆ. ಸ್ಟೇಟ್ ಮ್ಯಾಚ್‌ಗೆ ಹೋಗುವ ಹುಡುಗಿಗೆ ಅದು ದೊಡ್ಡ ನಷ್ಟ, 60 ಗುಂಡಿಗೆ ಕೂಡಿಸಿದರೆ ಅವಳ ಜಾಗವೇ ಹೋಗುತ್ತದೆ. ಆದರೆ ಏಳು, ಎಂಟು ಹೊಡೆಯುತ್ತಿರುವ ಹತ್ತು ವರ್ಷದ ಹುಡುಗನಿಗೆ? ಅವನ ಉಸಿರು, ಅವನ ಟ್ರಿಗರ್, ಅವನ ಕಾಲು ನಿಲ್ಲುವ ರೀತಿ ಮಾಡುವ ತಪ್ಪಿನ ಮುಂದೆ ತವರದ ತಪ್ಪು ಲೆಕ್ಕಕ್ಕೇ ಇಲ್ಲ. ಸೀಸದ ನಿಖರತೆ ಅವನಿಗೆ ಬೇಕಾಗಿಲ್ಲ, ಸೀಸದ ವಿಷ ಮಾತ್ರ ಅವನಿಗೇ ಎಲ್ಲರಿಗಿಂತ ಜಾಸ್ತಿ.

ಅದಕ್ಕೇ ನಮ್ಮಲ್ಲಿ ಮೊದಲ ವರ್ಷದ ಮಕ್ಕಳೆಲ್ಲ ತವರ. ಮ್ಯಾಚ್‌ಗೆ ಹೋಗುವ ನಾಲ್ವರು ಮಾತ್ರ ಸೀಸ, ಅವರಿಗೆ ಬೇರೆ ಲೇನ್, ಬೇರೆ ಪೆಟ್ಟಿಗೆ. ಖರ್ಚು ಕಷ್ಟ, ನಿಜ. ನಾನು ಕೊಳ್ಳುವ ಪ್ರಾಕ್ಟೀಸ್ ಪೆಲೆಟ್‌ಗಿಂತ ತವರದ್ದು ಮೂರು ಪಟ್ಟು ಬೀಳುತ್ತದೆ. ಹಾಗಾಗಿ ಹೊಸಬರಿಗೆ ದಿನಕ್ಕೆ 60ರ ಬದಲು 25 ಗುಂಡು, ಉಳಿದ ಹೊತ್ತು ಪೆಲೆಟ್ ಇಲ್ಲದೆ ಡ್ರೈ ಪ್ರಾಕ್ಟೀಸ್. ಇದರಿಂದ ಅವರ ಟ್ರಿಗರ್ ಮೊದಲಿಗಿಂತ ಚೆನ್ನಾಗಿಯೇ ಆಗಿದೆ.

ನನಗಿಂತ ಹಿರಿಯ ಕೋಚ್ ಒಬ್ಬರು "ನಲವತ್ತು ವರ್ಷದಿಂದ ಹೊಡೀತಿದೀನಿ, ನನಗೇನಾಗಿದೆ?" ಅಂದರು. ಅಣ್ಣ, ಒಂದು ಸಲ ರಕ್ತ ಕೊಟ್ಟು ನೋಡಿ ಅಂದೆ. ಇನ್ನೂ ಕೊಟ್ಟಿಲ್ಲ.

ಎಂಟು ತಿಂಗಳ ನಂತರ ನನ್ನದು 11ರಿಂದ 6ಕ್ಕೆ ಇಳಿದಿದೆ. ರಕ್ತದ್ದು ಬೇಗ ಇಳಿಯುತ್ತದೆ, ಮೂಳೆಗೆ ಸೇರಿದ್ದು ವರ್ಷಗಟ್ಟಲೆ ಅಲ್ಲೇ ಕೂತು ಸ್ವಲ್ಪ ಸ್ವಲ್ಪ ವಾಪಸ್ ಬಿಡುತ್ತಿರುತ್ತದೆ. ಬಳಸಿದ ಸೀಸವನ್ನು ಮೊದಲು ಗುಜರಿಗೆ ಹಾಕುತ್ತಿದ್ದೆ, ಅಲ್ಲಿ ಯಾರೋ ಬಯಲಲ್ಲಿ ಒಲೆ ಹೂಡಿ ಕರಗಿಸುತ್ತಾರೆ ಅಂತ ಗೊತ್ತಾದ ಮೇಲೆ ನಿಲ್ಲಿಸಿದೆ. ಈಗ ಮುಚ್ಚಳದ ಬಕೆಟ್‌ಗಳಲ್ಲಿ ತುಂಬಿಟ್ಟಿದ್ದೇನೆ. ಹಳೇ ಬ್ಯಾಟರಿ ಸೀಸ ತೆಗೆದುಕೊಳ್ಳುವ ಲೈಸೆನ್ಸ್ ಇರುವ ಘಟಕಕ್ಕೇ ಕೊಡಬೇಕು, ಅವರಿಗೆ ಬಂದು ಒಯ್ಯುವಷ್ಟು ತೂಕ ಆಗಬೇಕು. ನಮ್ಮ ಕಡೆ ಬೇರೆ ಹಾಲ್ ನಡೆಸುವವರು ಯಾರಾದರೂ ಇದ್ದರೆ ನಿಮ್ಮದನ್ನೂ ಸೇರಿಸಿ ಒಟ್ಟಿಗೆ ಕಳಿಸೋಣ. ನನ್ನ ಹತ್ತಿರ ಸದ್ಯ ನಾಲ್ಕು ಬಕೆಟ್ ಇವೆ.