2071ರ ಮುಂಬಯಿಯಲ್ಲೂ ಪಂಚರು ಬೇಕು

ನನ್ನ ಪೊಲೀಸ್ ಸರಣಿಯ ಆರನೇ ಕಾದಂಬರಿಯಲ್ಲಿ ಹೆಣ ಸಿಗುವುದು ಕಲ್ಯಾಣ ಲೋಕಲ್ಲಿನಲ್ಲಿ, 2071ರ ಜುಲೈ ಮಳೆಯಲ್ಲಿ. ಬರೆಯಲು ಕೂತಾಗ ಮೊದಲು ಕೇಳಿಕೊಂಡದ್ದು, ಇದು ಯಾವ ಪೊಲೀಸರ ಸರಹದ್ದು? ನಾನಿರುವ ಡೊಂಬಿವಲಿ ಥಾಣೆ ಕಮಿಷನರೇಟಿನದ್ದು, ಮುಂಬಯಿ ಪೊಲೀಸರದ್ದಲ್ಲ. ಗಾಡಿಯೊಳಗಿನ ಹೆಣ ಇವರಿಬ್ಬರಿಗೂ ಸೇರದು, ಅದು ರೈಲ್ವೆ ಪೊಲೀಸರ ಪಾಲು. ಆ ಎಳೆದಾಟದಲ್ಲೇ ಮೊದಲ ಅಧ್ಯಾಯ ತುಂಬಿತು. ಹಾರುವ ಕಾರು ಬೇಕಾಗಲೇ ಇಲ್ಲ.

ಫೋರ್ಟಿನ ವಕೀಲರೊಬ್ಬರ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಚಾರ್ಜ್‌ಶೀಟು ಓದಿ, ಟೈಪು ಮಾಡಿ ನಾನು ಕಲಿತದ್ದನ್ನೇ ಹೇಳುತ್ತೇನೆ. ಭವಿಷ್ಯದ ಪೊಲೀಸ್ ಕಾದಂಬರಿ ಬರೆಯುವವರು ಇವತ್ತಿನ ಕಾಯ್ದೆಯೊಂದನ್ನು ಹಿಡಿದು, ಅದು ಮುಂದೆ ಎಲ್ಲಿಗೆ ಮುಟ್ಟೀತು ಎಂದು ಯೋಚಿಸಿ.

ಪಂಚನಾಮೆಯನ್ನೇ ತಗೊಳ್ಳಿ, ಊರ ಕಡೆ ಮಹಜರು ಅನ್ನುತ್ತೇವಲ್ಲ, ಅದು. ಮನೆ ಶೋಧಿಸುವಾಗ ಆಸುಪಾಸಿನ ಇಬ್ಬರು ಮರ್ಯಾದಸ್ಥರಾದರೂ ಸಾಕ್ಷಿಗೆ ನಿಲ್ಲಬೇಕೆಂಬುದು ಹಳೆಯ ನಿಯಮ; ಈ ಸಾಕ್ಷಿಗಳೇ ಪಂಚರು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ, ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕೆಂದೂ ಸೇರಿಸಿತು. ನನ್ನ 2071ರಲ್ಲಿ ಎಂಥ ವಿಡಿಯೋವನ್ನೂ ಅರೆಗಳಿಗೆಯಲ್ಲಿ ಸುಳ್ಳಾಗಿ ಹುಟ್ಟಿಸಬಹುದು. ಹಾಗಾಗಿ ಕೋರ್ಟು ಮತ್ತೆ ಕಣ್ಣಾರೆ ಕಂಡ ಇಬ್ಬರನ್ನೇ ಕೇಳುತ್ತದೆ. ಬರುವವರು ಯಾರು? ತಾರೀಖಿಗೆ ಅಲೆಯುವ ಹೆದರಿಕೆಗೆ ಇವತ್ತೇ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಸತ್ತವನ ಖೋಲಿ ಮಾಟುಂಗದಲ್ಲಿ. ಕೆಳಗೆ ಉಡುಪಿ ಹೋಟೆಲು. ನನ್ನ ಪೊಲೀಸ್ ನಾಯಕಿ ಗಲ್ಲಾದ ಮುಂದೆ ನಿಂತು ಶೆಟ್ಟರನ್ನು ಬೇಡುತ್ತಾಳೆ. "ನಾನು ಬಂದ್ರೆ ಇಲ್ಲಿ ಯಾರು ಕೂತುಕೊಳ್ಳುದು ಮೇಡಂ?" ಎನ್ನುತ್ತಾರೆ ಶೆಟ್ಟರು. ಕೊನೆಗೆ ಬಂದು ಮುದ್ದೆಮಾಲಿನ, ಅಂದರೆ ಜಪ್ತಿಯಾದ ವಸ್ತುವಿನ, ಚೀಟಿಗೆ ಸಹಿ ಹಾಕುತ್ತಾರೆ. ಕೊಲೆಯ ಗಂಟು ಬಿಚ್ಚುವುದು ಆ ಸಹಿಯಿಂದಲೇ.

ಗಡಿಯಾರವನ್ನು ಮರೆಯಬೇಡಿ. ಬಂಧಿಸಿದವನನ್ನು, ದಾರಿಯ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕೊಲೆ ಕೇಸಿನಲ್ಲಿ 90 ದಿನದೊಳಗೆ ಚಾರ್ಜ್‌ಶೀಟು ಬೀಳದಿದ್ದರೆ ಒಳಗಿರುವ ಆರೋಪಿಗೆ ಜಾಮೀನಿನ ಹಕ್ಕು ಬರುತ್ತದೆ. ನನ್ನ ಎರಡನೇ ಕಾದಂಬರಿಯಲ್ಲಿ ಆರೋಪಿ ಮೂರು ದಿನ ಲಾಕಪ್ಪಿನಲ್ಲೇ ಕೊಳೆತಿದ್ದ. ಹಸ್ತಪ್ರತಿ ಓದಿದ ನಮ್ಮ ವಕೀಲರು ಆ ಪುಟಕ್ಕೆ ಕೆಂಪು ಗೆರೆ ಎಳೆದುಕೊಟ್ಟರು. ನಾಲ್ಕು ಅಧ್ಯಾಯ ತಿದ್ದಿದೆ, ಕತೆ ಬಿಗಿಯಾಯಿತು.

ಸರಣಿಗೆ ಇನ್ನೊಂದು ತೊಡಕು ಬಡ್ತಿ. ಮಹಾರಾಷ್ಟ್ರದಲ್ಲಿ ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್) ಮತ್ತು ಪಿಐ (ಇನ್‌ಸ್ಪೆಕ್ಟರ್) ನಡುವೆ ಎಪಿಐ (ಅಸಿಸ್ಟೆಂಟ್ ಇನ್‌ಸ್ಪೆಕ್ಟರ್) ಎಂಬ ಹುದ್ದೆ ಉಂಟು. ನನ್ನ ನಾಯಕಿ ಅಲ್ಲೇ ಇದ್ದಾಳೆ. ಬಡ್ತಿ ಕೊಟ್ಟು ಎಸಿಪಿ (ಅಸಿಸ್ಟೆಂಟ್ ಕಮಿಷನರ್) ಮಾಡಿಬಿಟ್ಟರೆ ಚಾಳಿನ ಮೆಟ್ಟಿಲು ಹತ್ತಿ ಬಾಗಿಲು ಬಡಿಯುವ ಕೆಲಸ ಕೈಕೆಳಗಿನವರದ್ದಾಗುತ್ತದೆ. ಅಮೆರಿಕದ ಲೇಖಕಿ ನೋರಾ ರಾಬರ್ಟ್ಸ್ ಅವರು ಜೆ. ಡಿ. ರಾಬ್ ಹೆಸರಿನಲ್ಲಿ 1995ರಲ್ಲಿ ಶುರು ಮಾಡಿದ ಪೊಲೀಸ್ ಸರಣಿಯನ್ನು ನೋಡಿ: 2058ರ ನ್ಯೂಯಾರ್ಕಿನಲ್ಲಿ ಮೊದಲಾಗಿ ಐವತ್ತು ಪುಸ್ತಕ ದಾಟಿದರೂ ಒಳಗೆ ಕಳೆದದ್ದು ಕೆಲವೇ ವರ್ಷ. ನಾನೂ ಹಾಗೇ ಕಾಲವನ್ನು ನಿಧಾನ ಓಡಿಸುತ್ತೇನೆ.

ಇದಕ್ಕೆಲ್ಲ ಒಂದು ಗೀಟಿನ ನೋಟುಪುಸ್ತಕ ಇಡಿ. ಗಾಯ, ವರ್ಗಾವಣೆ, ಯಾರು ಯಾವ ಕೇಸಿನಲ್ಲಿ ಪಂಚರು, ಎಲ್ಲ ಅದರಲ್ಲಿರಲಿ. ಶೆಟ್ಟರು ಸಹಿ ಹಾಕಿದ್ದು ಜುಲೈ 9ರಂದು, ಎಡಗೈಯಲ್ಲಿ. ಎಂಟನೇ ಕಾದಂಬರಿಯಲ್ಲಿ ಅವರಿಗೆ ಸಮನ್ಸ್ ಹೋಗುತ್ತದೆ.