ಕಾಫಿಪುಡಿ ಬೇರೆ ಊರಿಗೆ ಕಳಿಸುವಾಗ ಕಾಗದದಲ್ಲಿ ಏನು ಬರೆಯಬೇಕು?

ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಮನೆಯಲ್ಲೇ ಕಾಫಿ ಹುರಿದು ಪುಡಿ ಮಾಡಿ ಬೇರೆ ಊರಿನ ಅಂಗಡಿಗಳಿಗೆ ಮಾರುವವರಿದ್ದಾರೆ. ಹುರಿಯುವುದು ಅವರಿಗೆ ಗೊತ್ತು, ಪ್ಯಾಕಿಂಗೂ ಗೊತ್ತು. ಎಡವುವುದು ಕಾಗದದಲ್ಲಿ. ಸಾಗಣೆ, ಸಾಗಾಟ, ರವಾನೆ, ಸರಬರಾಜು, ಪೂರೈಕೆ, ಸಾರಿಗೆ ಎಲ್ಲ ಒಂದೇ ಅಂದುಕೊಂಡು ಕೈಗೆ ಸಿಕ್ಕಿದ್ದನ್ನು ಬರೆದುಬಿಡುತ್ತಾರೆ. ಮಾತಿನಲ್ಲಿ ಅದು ನಡೆಯುತ್ತದೆ. ಮಾಲು ದಾರಿಯಲ್ಲಿ ನೆನೆದುಹೋದ ದಿನ ಮಾತ್ರ, ನೀವು ಬರೆದ ಆ ಒಂದು ಸಾಲನ್ನೇ ಎಲ್ಲರೂ ಹುಡುಕುತ್ತಾರೆ.

ಹಂತ 1: ಗಿರಾಕಿಗೆ ಮಾತು ಕೊಡುವಾಗ

ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ವಾಟ್ಸಾಪ್‌ನಲ್ಲಿ ಬರೆಯುವ ಮೆಸೇಜಾದರೂ ಸರಿ.

‘ಸೋಮವಾರ ರವಾನೆ ಮಾಡುತ್ತೇನೆ’ ಅಂದರೆ ಸೋಮವಾರ ಮಾಲು ನಿಮ್ಮ ಕೈಬಿಟ್ಟು ಹೊರಡುತ್ತದೆ ಅಂತ. ‘ಸೋಮವಾರ ತಲುಪಿಸುತ್ತೇನೆ’ ಅಂದರೆ ಅವರ ಅಂಗಡಿ ಬಾಗಿಲಿಗೆ ಮುಟ್ಟುವವರೆಗೂ ನಿಮ್ಮದೇ ತಲೆನೋವು. ‘ಪೂರೈಸುತ್ತೇನೆ’ ಅನ್ನುವುದೂ ಹೆಚ್ಚುಕಡಿಮೆ ಇದೇ ಸಾಲಿಗೆ ಸೇರುತ್ತದೆ. ‘ಸರಬರಾಜು’ ಒಂದು ಸಲದ ಕೆಲಸ ಅಲ್ಲ. ತಿಂಗಳು ತಿಂಗಳು ಕೊಡುತ್ತಲೇ ಇರುತ್ತೇವೆ ಅನ್ನುವ ವಾಸನೆ ಅದಕ್ಕಿದೆ. ಹಾಸ್ಟೆಲಿಗೋ ಹೋಟೆಲಿಗೋ ವರ್ಷದ ಒಪ್ಪಂದ ಇದ್ದರೆ ಆ ಪದ ಸರಿ. ಒಂದೇ ಒಂದು ಚೀಲಕ್ಕೆ ಯಾಕೆ?

ಕಾನೂನೂ ಇದೇ ಗೆರೆ ಎಳೆಯುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 39ನೇ ಸೆಕ್ಷನ್ ನೋಡಿ. ಕೊಂಡವನಿಗೆ ಕಳಿಸಬೇಕಾದ ಮಾಲನ್ನು ಮಾರುವವನು ಸಾಗಣೆದಾರನಿಗೆ ಒಪ್ಪಿಸಿದರೆ, ಬೇರೆ ಮಾತಾಗಿಲ್ಲದಿದ್ದರೆ, ಮೇಲ್ನೋಟಕ್ಕೆ ಅದು ಕೊಂಡವನಿಗೇ ಕೊಟ್ಟ ಹಾಗೆ. ಆ ‘ಬೇರೆ ಮಾತು’ ನಿಮ್ಮ ಮೆಸೇಜಿನಲ್ಲಿರಬಹುದು. ‘ನಿಮ್ಮ ಅಂಗಡಿಗೆ ತಲುಪಿಸುವ ಜವಾಬ್ದಾರಿ ನಮ್ಮದು’ ಅಂತ ನೀವೇ ಬರೆದುಕೊಟ್ಟಿದ್ದರೆ ಆಮೇಲೆ ಲಾರಿಯವರ ಕಡೆ ಕೈ ತೋರಿಸುವುದು ಕಷ್ಟ. ಹಾಗಂತ ಲಾರಿಗೆ ಏರಿಸಿ ಸುಮ್ನೆ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಮಾಲಿಗೆ ತಕ್ಕ ಹಾಗೆ ಸಾಗಣೆಯ ಏರ್ಪಾಡು ಮಾಡುವ ಹೊಣೆ ಮಾರುವವನದೇ ಅಂತ ಅದೇ ಸೆಕ್ಷನ್ ಹೇಳುತ್ತದೆ. ಜುಲೈ ಮಳೆಯಲ್ಲಿ ಟಾರ್ಪಾಲಿಲ್ಲದ ಗಾಡಿಗೆ ಕಾಫಿಪುಡಿ ಹಾಕಿ ಕಳಿಸಿದರೆ ಯಾರೂ ನಿಮ್ಮ ಪರ ನಿಲ್ಲುವುದಿಲ್ಲ.

ಹಂತ 2: ಬುಕಿಂಗ್ ಆಫೀಸಿನಲ್ಲಿ

ಇಲ್ಲಿ ಪುಸ್ತಕದ ಕನ್ನಡ ಬೇಡ. ‘ಬಾಡಿಗೆ ಪೇಯ್ಡಾ, ಟು ಪೇ ನಾ?’ ಅಂತ ಕೇಳುತ್ತಾರೆ. ನೀವೇ ಕಟ್ಟಿದರೆ ಪೇಯ್ಡ್, ಮಾಲು ಬಿಡಿಸಿಕೊಳ್ಳುವವರು ಕಟ್ಟುವುದಾದರೆ ಟು ಪೇ. ಡೋರ್ ಡೆಲಿವರಿನಾ, ಗೋಡೌನ್ ಡೆಲಿವರಿನಾ ಅನ್ನುವುದು ಇನ್ನೊಂದು ಪ್ರಶ್ನೆ. ‘ಹಮಾಲಿ ಯಾರದು?’ ಅಂತ ನೀವೇ ಬಾಯಿಬಿಟ್ಟು ಕೇಳಿ. ಹಮಾಲಿ ಅಂದರೆ ಮೂಟೆ ಹೊರುವವರೂ ಹೌದು, ಅವರ ಕೂಲಿಯೂ ಹೌದು. ಏರಿಸುವ ಕೂಲಿ, ಇಳಿಸುವ ಕೂಲಿ ಎರಡನ್ನೂ ಬೇರೆಬೇರೆಯಾಗಿ ಕೇಳಬೇಕು.

ಕೈಗೆ ಬರುವ ರಸೀದಿಯೇ ಎಲ್‌ಆರ್, ಅಂದರೆ ಲಾರಿ ರಸೀದಿ. 1865ರ ಹಳೇ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸರಕು ಸಾಗಣೆ ಕಾಯ್ದೆಯ ಪ್ರಕಾರ, ಮಾಲು ಒಪ್ಪಿಕೊಂಡ ಸಾಗಣೆದಾರ ರಸೀದಿ ಕೊಡಲೇಬೇಕು. ನೀವು ಕೊಡುವ ವಿವರದಲ್ಲಿ ಮಾಲಿನ ಬೆಲೆ ಸರಿಯಾಗಿರಲಿ. ಖರ್ಚು ಕಮ್ಮಿಯಾಗಲಿ ಅಂತ ಬೆಲೆ ಇಳಿಸಿ ಬರೆಸಿದರೆ ನಷ್ಟವಾದಾಗ ಸಿಗುವುದೂ ಅಷ್ಟರಲ್ಲೇ. ಸಾಗಣೆದಾರನ ಹೊಣೆಗೆ ಕಾಯ್ದೆಯಲ್ಲಿ ಮಿತಿ ಇದೆ. ಅದಕ್ಕಿಂತ ಜಾಸ್ತಿ ಹೊಣೆ ಹೊರಬೇಕು ಅಂದರೆ ಜಾಸ್ತಿ ದರಕ್ಕೆ ಒಪ್ಪಿ ಬರೆಸಬೇಕು.

ಹಂತ 3: ನಿಮ್ಮ ಬಿಲ್ಲಿನಲ್ಲಿ

‘ಸಾಗಣೆ ವೆಚ್ಚ’ ಅಂತ ಬರೆಯಿರಿ, ಸಾಕು. ‘ಬಾಡಿಗೆ’ ಅಂದರೂ ತಪ್ಪಲ್ಲ. ಆದರೆ ಇದರ ಅಕ್ಕಪಕ್ಕದ ಪದಗಳು ಮಾಡುವ ಚೇಷ್ಟೆ ಕಮ್ಮಿ ಏನಲ್ಲ.

‘ಸಾಗುವಳಿ ಖರ್ಚು’ ಅಂತ ಬರೆದರೆ ಅದು ಉಳುಮೆ, ಗೊಬ್ಬರ, ಕೃಷಿಯ ಖರ್ಚು. ಬ್ಯಾಂಕಿನವರು ಬೆಳೆಸಾಲದ ಲೆಕ್ಕ ಅಂದುಕೊಳ್ಳುತ್ತಾರೆ. ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಂತೂ ‘ಸಾಗುವಳಿ ಚೀಟಿ’ ಅಂದರೆ ಜಮೀನು ಮಂಜೂರಾದ ಕಾಗದ ಅಂತ ಚಿಕ್ಕ ಹುಡುಗರಿಗೂ ಗೊತ್ತು. ‘ಸಾಗಾಣಿಕೆ’ ಅಂತ ಬರೆಯುವವರು ಇನ್ನೊಂದು ಸಲ ಓದಿ ನೋಡಿ. ಒಂದು ಅಕ್ಷರ ತಪ್ಪಿ ‘ಸಾಕಾಣಿಕೆ’ ಆದರೆ ಕುರಿಯನ್ನು ಲಾರಿಯಲ್ಲಿ ಒಯ್ಯುವವರು ಕುರಿ ಸಾಕುವವರಾಗುತ್ತಾರೆ. ‘ಸಾಗಾಟ’ ಅರ್ಥದಲ್ಲಿ ಸರಿಯಾದ ಪದವೇ, ಕರಾವಳಿಯಲ್ಲಿ ಸಲೀಸಾಗಿ ಬಳಸುತ್ತಾರೆ. ಆದರೆ ಪೇಪರಿನಲ್ಲಿ ಮರಳಿನ ಅಕ್ರಮ ಸಾಗಾಟ, ಮರದ ಅಕ್ರಮ ಸಾಗಾಟ ಅಂತ ಓದಿ ಓದಿ ಅದಕ್ಕೆ ಪೊಲೀಸ್ ಠಾಣೆಯ ನಂಟು ಅಂಟಿಕೊಂಡಿದೆ. ನಾನಾದರೆ ಬಿಲ್ಲಿನಲ್ಲಿ ಬರೆಯುವುದಿಲ್ಲ. ‘ಸಾರಿಗೆ’ ಅಂದಕೂಡಲೇ ಬಸ್ಸು, ನಿಗಮ, ಇಲಾಖೆ ನೆನಪಾಗುತ್ತದೆ. ಓಡಾಟದ ಇಡೀ ವ್ಯವಸ್ಥೆಗೆ ಅದು ಹೊಂದುತ್ತದೆ, ನಿಮ್ಮ ಎರಡು ಚೀಲಕ್ಕೆ ದೊಡ್ಡದಾಯಿತು.

ಇನ್ನು ‘ನಿಮ್ಮ ಆರ್ಡರ್ ವಿಲೇವಾರಿ ಮಾಡಲಾಗಿದೆ’ ಅಂತ ದಯವಿಟ್ಟು ಬರೆಯಬೇಡಿ. ಕಡತ ವಿಲೇವಾರಿ, ಕಸ ವಿಲೇವಾರಿ ಕೇಳಿದ ಗಿರಾಕಿ ಏನಂದುಕೊಳ್ಳಬೇಕು? ‘ಸಾಗಹಾಕಿದ್ದೇವೆ’ ಅಂದರಂತೂ ಪೀಡೆ ತೊಲಗಿತು ಅಂದ ಹಾಗೆ.

ಹಂತ 4: ಇ-ವೇ ಬಿಲ್

ಇದು ಮಾಲಿನ ಜೊತೆ ಹೋಗಬೇಕಾದ ಜಿಎಸ್‌ಟಿಯ ಆನ್‌ಲೈನ್ ಚೀಟಿ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಬೇಕು. ಕರ್ನಾಟಕದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹುರಿಯದ ಕಾಫಿ ಬೀಜ, ತಾಜಾ ಆಲೂಗಡ್ಡೆ, ಹಸಿ ಶುಂಠಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಇ-ವೇ ಬಿಲ್ ಬೇಡ. ಹುರಿದದ್ದು, ಪುಡಿ ಮಾಡಿದ್ದು ತೆರಿಗೆಗೆ ಬರುತ್ತದೆ. ಹಾಗಾಗಿ ಮಾಲಿನ ಹೆಸರಿನ ಜಾಗದಲ್ಲಿ ಬರೀ ‘ಕಾಫಿ’ ಅಂತ ಬರೆದು ಬಿಡಬೇಡಿ. ಹುರಿಯದ ಬೀಜವೋ, ಹುರಿದದ್ದೋ, ಪುಡಿಯೋ, ಬಿಡಿಸಿ ಬರೆಯಿರಿ.

ಭಾಗ ಎ ಯಲ್ಲಿ ಕಳಿಸುವವರ, ಪಡೆಯುವವರ, ಮಾಲಿನ ವಿವರ ಇರುತ್ತದೆ. ಭಾಗ ಬಿ ಯಲ್ಲಿ ಗಾಡಿ ನಂಬರು. ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ, ಮೇಲೆ ಸ್ವಲ್ಪ ಮಿಕ್ಕಿದರೂ ಇನ್ನೊಂದು ದಿನ. ಚಿಕ್ಕಮಗಳೂರಿನಿಂದ ಬೆಂಗಳೂರಿಗೆ 240 ಕಿ.ಮೀ. ಆಸುಪಾಸು, ಅಂದರೆ ಎರಡು ದಿನ ಸಿಗುತ್ತದೆ. ಮಂಗಳೂರಿನ ಕಡೆ ಕಳಿಸುವವರಿಗೆ ದೂರ ಕಮ್ಮಿ, ಗೊಂದಲ ಜಾಸ್ತಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಗಾಡಿಗಳು ಸಾಲುಗಟ್ಟಿ ನಿಲ್ಲುವುದು ಹೊಸದೇನಲ್ಲ ಅಲ್ವಾ. ಹಾಗಾದಾಗ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯವರೆಗೆ ಸಾಗಣೆದಾರ ಅದನ್ನು ವಿಸ್ತರಿಸಬಹುದು.

ಹಂತ 5: ಮಾಲು ಹಾಳಾಗಿದ್ದರೆ

ಫೋನಿನಲ್ಲಿ ಕೂಗಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಸಾಗಣೆದಾರನ ಮೇಲೆ ದಾವೆ ಹೂಡಬೇಕಾದರೆ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರವಣಿಗೆಯಲ್ಲಿ ನೋಟಿಸ್ ಕೊಟ್ಟಿರಬೇಕು. ಹಾಳಾದದ್ದು ಗೊತ್ತಾದ ದಿನದಿಂದ ಅಲ್ಲ, ಬುಕಿಂಗಿನ ದಿನದಿಂದ. ನೋಟಿಸಿನಲ್ಲಿ ಎಲ್‌ಆರ್ ನಂಬರು, ತಾರೀಖು, ಎಷ್ಟು ಚೀಲ ‘ಒಪ್ಪಿಸಿದ್ದು’, ಎಷ್ಟು ಚೀಲ ‘ತಲುಪಿದ್ದು’, ಎಷ್ಟು ಚೀಲ ‘ನೆನೆದದ್ದು’ ಅಂತ ಬೇರೆಬೇರೆ ಸಾಲಿನಲ್ಲಿ ಬರೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಎಲ್‌ಆರ್ ಜೊತೆಗೇ ಪಿನ್ ಮಾಡಿಡಿ.