ಶಾಲೆಯ ಭಾಷೆ ಬೇರೆಯಾದಾಗ ಮಗುವಿನ ಮನೆಮಾತನ್ನು ಬೆಳೆಸುವ ಬಗೆ

ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವ ಮಗುವಿನ ತಂದೆತಾಯಿಯರು ಮನೆಮಾತನ್ನು ಊಟ, ನಿದ್ದೆ, ಗದರಿಕೆಗಳಿಗಷ್ಟೇ ಮೀಸಲಿಡದೆ, ಪಾಠದ ವಿಷಯಗಳನ್ನೂ ಅದರಲ್ಲೇ ಚರ್ಚಿಸುವ ರೂಢಿಯನ್ನು ಮೊದಲು ಬೆಳೆಸಬೇಕು. ಆ ದಿನ ಶಾಲೆಯಲ್ಲಿ ನೀರು ಆವಿಯಾಗುವ ಪಾಠ ನಡೆದಿದ್ದರೆ, ಒದ್ದೆ ಬಟ್ಟೆ ಬಿಸಿಲಿನಲ್ಲಿ ಬೇಗ ಒಣಗುವುದೇಕೆ ಎಂದು ಮನೆಮಾತಿನಲ್ಲಿ ಕೇಳಿ, ಮಗು ತನ್ನದೇ ಮಾತಿನಲ್ಲಿ ಕಾರಣ ಹೇಳುವವರೆಗೆ ಕಾಯಿರಿ. ಶಾಲೆಯ ಪಾರಿಭಾಷಿಕ ಪದವನ್ನು ಅನಂತರ ಸೇರಿಸಿದರೆ ಸಾಕು. ಗಣಿತದ ಲೆಕ್ಕವನ್ನೂ ಮೊದಲು ಮನೆಮಾತಿನಲ್ಲಿ ಹೇಳಿಸಿ, ಚಿತ್ರ ಬರೆಸಿ, ಬಿಡಿಸಿದ ಮೇಲೆ ಉತ್ತರವನ್ನು ಶಾಲೆಯ ಭಾಷೆಯಲ್ಲಿ ಬರೆಸಬಹುದು.

ಮಗು ಶಾಲೆಯ ಭಾಷೆಯಲ್ಲಿ ಸರಾಗವಾಗಿ ಹರಟಲು ತೊಡಗಿದೊಡನೆ ಈ ಅಭ್ಯಾಸವನ್ನು ನಿಲ್ಲಿಸುವವರು ಬಹಳ. ಅದು ಆತುರದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಕೆನಡಾದ ವಿದ್ವಾಂಸ ಜಿಮ್ ಕಮ್ಮಿನ್ಸ್ ವಿವರಿಸಿದಂತೆ, ಹೊಸ ಭಾಷೆಯ ದಿನಬಳಕೆಯ ಮಾತು ಸುಮಾರು 2 ವರ್ಷಗಳಲ್ಲಿ ಬಂದರೂ, ಪಠ್ಯವನ್ನು ಓದಿ ತರ್ಕಿಸುವಷ್ಟು ಹಿಡಿತ ಸಿಗಲು 5 ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ. ಅಷ್ಟು ಕಾಲವೂ ಮಗುವಿನ ಆಲೋಚನೆ ನಿಲ್ಲದೆ ಸಾಗಬೇಕಾದರೆ ಮನೆಮಾತು ಅದರ ಜೊತೆಗಿರಲೇಬೇಕು. ಇದರಿಂದ ಎರಡನೆಯ ಭಾಷೆ ಹಿಂದುಳಿಯುತ್ತದೆಂಬ ಭಯಕ್ಕೂ ಆಧಾರವಿಲ್ಲ. ನೈಜೀರಿಯಾದ ಇಫೆಯಲ್ಲಿ 1970ರಲ್ಲಿ ಆರಂಭವಾದ ಪ್ರಯೋಗದಲ್ಲಿ ಆರು ವರ್ಷಗಳ ಪ್ರಾಥಮಿಕ ಶಿಕ್ಷಣವನ್ನು ತಮ್ಮ ಮನೆಮಾತಾದ ಯೊರುಬಾದಲ್ಲಿ ಪಡೆದು, ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿತ ಮಕ್ಕಳು ಇಂಗ್ಲಿಷಿನಲ್ಲಿಯೂ ಹಿಂದೆ ಬೀಳಲಿಲ್ಲ.

ಓದುಬರಹವನ್ನು ಸಾಧ್ಯವಾದಷ್ಟೂ ಮನೆಮಾತಿನಲ್ಲೇ ಆರಂಭಿಸಿ. ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ತಾನು ಬಲ್ಲ ಭಾಷೆಯಲ್ಲಿ ಒಮ್ಮೆ ಅರಿತ ಮಗು, ಇನ್ನೊಂದು ಲಿಪಿಯನ್ನು ಕಲಿಯುವಾಗ ಆ ತಿಳಿವಳಿಕೆಯನ್ನು ಹೊಸದಾಗಿ ಗಳಿಸಬೇಕಾಗಿಲ್ಲ. ನಿಮ್ಮ ಭಾಷೆಯಲ್ಲಿ ಮಕ್ಕಳ ಪುಸ್ತಕಗಳಿಲ್ಲದಿದ್ದರೆ, ಸ್ವಂತ ಲಿಪಿಯೇ ಇಲ್ಲದಿದ್ದರೂ, ನಿಮಗೆ ತಿಳಿದ ಲಿಪಿಯಲ್ಲಿ ಮಗು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ. ಮರುದಿನ ಅದನ್ನೇ ಮಗುವಿನಿಂದ ಓದಿಸಿ. ಅಜ್ಜಿ ಹೇಳುವ ಕಥೆಯನ್ನೂ ಹೀಗೆಯೇ ಬರೆದಿಟ್ಟು ಚಿತ್ರಗಳನ್ನು ಸೇರಿಸಿದರೆ ಓದಲು ಪುಸ್ತಕವೊಂದು ಸಿದ್ಧವಾಗುತ್ತದೆ. ಬರೆಯುವಾಗ ಆಡುಮಾತನ್ನು ಶಿಷ್ಟಭಾಷೆಗೆ ತಿದ್ದಬೇಡಿ, ಏಕೆಂದರೆ ಮಗು ಗುರುತಿಸಬೇಕಾದದ್ದು ತಾನಾಡಿದ ಮಾತನ್ನೇ.

ಮಗು ಒಂದೇ ವಾಕ್ಯದಲ್ಲಿ ಎರಡು ಭಾಷೆಗಳನ್ನು ಬೆರೆಸಿದರೆ ಅದನ್ನು ಗೊಂದಲವೆಂದು ಭಾವಿಸಬೇಡಿ. ಗದರದೆ, ಅದೇ ಅರ್ಥವನ್ನು ಮನೆಮಾತಿನ ಪೂರ್ಣ ವಾಕ್ಯದಲ್ಲಿ ಹೇಳಿ ಮಾತು ಮುಂದುವರಿಸಿ. ಶಾಲೆಯ ಭಾಷೆಯಲ್ಲೇ ಉತ್ತರಿಸಿದರೂ ನೀವು ಮನೆಮಾತನ್ನು ಬಿಡಬೇಡಿ. "ಮನೆಯಲ್ಲೂ ಶಾಲೆಯ ಭಾಷೆಯನ್ನೇ ಆಡಿ" ಎಂದು ಶಿಕ್ಷಕರು ಸೂಚಿಸಿದರೆ ವಿನಯದಿಂದಲೇ ನಿರಾಕರಿಸಿ, ಮುಂದಿನ ವಾರದ ಪಾಠದ ಮುಖ್ಯ ಪದಗಳನ್ನು ಮೊದಲೇ ಕೊಡುವಂತೆ ಕೇಳಿಕೊಳ್ಳಿ. ಒಂದೇ ಮನೆಮಾತಿನ ಮಕ್ಕಳು ತರಗತಿಯಲ್ಲಿ ಪರಸ್ಪರ ಚರ್ಚಿಸಲು ಅವಕಾಶ ಕೋರುವುದೂ ಉಚಿತ.

ಜಗತ್ತಿನ ಸುಮಾರು 7,000 ಭಾಷೆಗಳಲ್ಲಿ ಅನೇಕವು ಅಪಾಯದಲ್ಲಿರಲು ಒಂದು ಮುಖ್ಯ ಕಾರಣ, ಹೆತ್ತವರು ಮಕ್ಕಳೊಡನೆ ಅವುಗಳನ್ನು ಆಡುವುದನ್ನು ನಿಲ್ಲಿಸಿರುವುದು. ನ್ಯೂಜಿಲೆಂಡಿನ ಮಾವೊರಿ ಸಮುದಾಯ 1982ರಲ್ಲಿ ಶಿಶುಗಳಿಗಾಗಿ ಕೊಹಾಂಗಾ ರೆಯೊ, ಅಂದರೆ 'ಭಾಷೆಯ ಗೂಡು' ಎಂಬ ಕೇಂದ್ರಗಳನ್ನು ತೆರೆದು, ಭಾಷೆ ಬಲ್ಲ ಹಿರಿಯರನ್ನು ಅಲ್ಲಿಗೆ ಕರೆತಂದಿತು. ನಿಮ್ಮ ಮನೆಯಲ್ಲಿ ಭಾಷೆ ಬಲ್ಲ ಹಿರಿಯರು ಇಲ್ಲವೆಂದಾದರೆ, ಅದೇ ಭಾಷೆಯನ್ನಾಡುವ ಎರಡು-ಮೂರು ಕುಟುಂಬಗಳು ಸೇರಿ ವಾರಕ್ಕೊಂದು ದಿನ ಮಕ್ಕಳಿಗೆ ಅಂತಹ ಹಿರಿಯರೊಬ್ಬರ ಒಡನಾಟ ಸಿಗುವಂತೆ ಏರ್ಪಾಡು ಮಾಡಿಕೊಳ್ಳಿ.